ಡಬ್ಬಿಯ ಮುಖದ ಗುಂಡಿ

ನಮ್ಮ ಮಾವನವರ ಗುಂಡಿ ಅಂಗಡಿಯಲ್ಲಿ ಮೂರು ಗೋಡೆಗೂ ರಟ್ಟಿನ ಡಬ್ಬಿಗಳು. ಒಳಗಿನ ಮಾಲು ಯಾವುದೆಂದು ತಿಳಿಯಲು ಪ್ರತಿ ಡಬ್ಬಿಯ ಮುಖಕ್ಕೂ ಒಂದು ಗುಂಡಿ ಹೊಲಿದಿಟ್ಟಿದ್ದರು. ಗಿರಾಕಿಗೆ ಇಲ್ಲ ಎನ್ನಬಾರದು ಎಂಬುದು ಅವರ ಹಟ. ಮಾಲು ಮುಗಿದಿದ್ದರೆ ನಾಳೆ ಬನ್ನಿ ಎಂದು ಹೇಳಿ ಸಗಟು ಅಂಗಡಿಗೆ ಓಡುತ್ತಿದ್ದರು.

ದರ್ಜಿಗಳು ಕಡಿಮೆಯಾದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವಷ್ಟೇ ಉಳಿಯಿತು. ವ್ಯಾಪಾರ ಕಾಣದಿದ್ದರೆ ತಿಂಗಳ ಕೊನೆಗೆ ಬೀಗದ ಕೈ ಕೊಟ್ಟುಬಿಡಿ ಎಂದರು ಕಟ್ಟಡದ ಮಾಲೀಕರು. ಮಾವನಿಗೆ ಅನ್ನ ಸೇರದಾಯಿತು. ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚು. ವೆಬ್‌ಸೈಟ್ ಮಾಡುವುದು ನನ್ನ ಹೊಟ್ಟೆಪಾಡು; ಊರಿಗೆಲ್ಲ ಮಾಡಿಕೊಟ್ಟವಳು ಮನೆಯವರಿಗೆ ಮಾಡದಿದ್ದರೆ ಹೇಗೆ? ಆನ್‌ಲೈನ್ ಅಂಗಡಿ ಕಟ್ಟಲು ಕುಳಿತೆ.

ಮಾವ ಸ್ಟೂಲು ಹಿಡಿದುಕೊಂಡರು, ನಾನು ಅದನ್ನು ಹತ್ತಿ ನಿಂತು ಡಬ್ಬಿಗಳ ಫೋಟೊ ತೆಗೆದೆ. ಮುಚ್ಚಳಕ್ಕೆ ಕೈ ಹಾಕಿದರೆ, ಗುಂಡಿಗಳು ಬೆರೆತುಹೋಗುತ್ತವೆ ಎಂದು ತಡೆದರು. ಸ್ಟಾಕ್ ಇದೆಯಾ ಎಂದು ಕೇಳಿದ್ದಕ್ಕೆಲ್ಲ ಇದೆ, ಇದೆ ಎಂದರು. ತಾನು ದುಡ್ಡು ಕೇಳಿದಾಗ ಮಾತ್ರ ಇವರ ಬಾಯಲ್ಲಿ ಆ ಮಾತು ಬಂದದ್ದಿಲ್ಲ ಎಂದು ಅತ್ತೆ ಛೇಡಿಸಿದರು.

ಮೊದಲ ವಾರವೇ ಆರ್ಡರುಗಳು ಬಂದವು. ಹಳೆಯ ಗುಂಡಿ ಹುಡುಕುವವರು ಎಲ್ಲೆಲ್ಲೋ ಇದ್ದರು. ನೆಲದ ಮೇಲೆ ಕಾಲಿಡದೆ ಅಂಗಡಿಗೆ ಓಡಿದೆ. ಯಾರೋ ಮುತ್ತಿನ ಬಣ್ಣದ್ದು ಒಂದು ಸೆಟ್ ಕೇಳಿದ್ದರು. ಡಬ್ಬಿ ಇಳಿಸಿದರೆ ಒಳಗೆ ಏನೂ ಇಲ್ಲ. ಪಕ್ಕದ್ದೂ ಬರಿದು, ಅದರ ಮೇಲಿನದೂ ಬರಿದು.

"ಯಾರೂ ಕೇಳಲ್ಲ ಅಂದ್ಕೊಂಡಿದ್ದೆ ಕಣಮ್ಮ," ಎಂದರು ಮಾವ. "ಗೋಡೆ ಬರಿದಾದ್ರೆ ಬರೋ ನಾಲ್ಕು ಜನಾನೂ ಬರಲ್ಲ ಅಂತ ಡಬ್ಬಿ ಹಾಗೇ ಇಟ್ಟಿದ್ದೆ."

ಸಗಟು ಅಂಗಡಿ ಮುಚ್ಚಿ ವರ್ಷಗಳೇ ಆಗಿದ್ದವೆಂದು ಆಗ ತಿಳಿಯಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕತ್ತರಿ ತೆಗೆದುಕೊಂಡು ಡಬ್ಬಿಯ ಮುಖದ ಗುಂಡಿಯನ್ನು ಬಿಡಿಸತೊಡಗಿದ್ದರು.

"ಒಂದಂತೂ ಇದೆಯಲ್ಲ. ಇದನ್ನೇ ಕಳಿಸೋಣ."

ಒಂದು ಗುಂಡಿ ಯಾರ ಅಂಗಿಗೆ ಸಾಕು?

ಆರ್ಡರುಗಳನ್ನೆಲ್ಲ ರದ್ದು ಮಾಡಿ, ಒಂದೊಂದು ಫೋಟೊದ ಕೆಳಗೂ ಖಾಲಿ ಎಂದು ಹಾಕುತ್ತ ಬಂದೆ. ಯಾವುದು ಖಾಲಿ ಎಂದು ಮಾವನೇ ಹೇಳಬೇಕಿತ್ತು. ಜೀವಮಾನವಿಡೀ ಆ ಅಂಗಡಿಯಲ್ಲಿ ಆಡದ ಮಾತನ್ನು ಸ್ಟೂಲಿನ ಮೇಲೆ ನಿಂತು, ಡಬ್ಬಿ ಅಲುಗಿಸಿ ಅಲುಗಿಸಿ ಆಡಿದರು. ಇಲ್ಲ. ಇದೂ ಇಲ್ಲ. ಮೂರನೆಯ ಗೋಡೆಗೆ ಬರುವಾಗ ಅಲುಗಿಸುವುದನ್ನೂ ಬಿಟ್ಟಿದ್ದರು.

ಆಗ ಬಾಗಿಲಲ್ಲಿ ಹೆಂಗಸೊಬ್ಬರು ನಿಂತು ಬಿಳಿ ಶರ್ಟಿನ ಗುಂಡಿ ಕೇಳಿದರು. ಅದೊಂದು ನಮ್ಮಲ್ಲಿ ಬೇಕಾದಷ್ಟಿತ್ತು.

ಮಾವ ತಿರುಗಿಯೂ ನೋಡದೆ ಇಲ್ಲ ಎಂದರು.