ಆಲಿಕಲ್ಲಿನ ಮೂಟೆಯ ಗಂಟು

ಕಲ್ಲುಗಳಿಗೆ ಇನ್ನೂ ಕಾಲುಗಳಿದ್ದಾಗ, ಹೊಳೆಯ ಬಲದಂಡೆಯಲ್ಲೊಬ್ಬ ಅಣ್ಣ, ಎಡದಂಡೆಯಲ್ಲೊಬ್ಬ ತಮ್ಮ ಇದ್ದರಂತೆ. ಆಕಾಶದ ಆಲಿಕಲ್ಲನ್ನೆಲ್ಲ ಮೂಟೆ ಕಟ್ಟಿಡುವುದು ಅವರ ಕೆಲಸ. ಮೊದಲ ಸುತ್ತಿಗೆ ಅಣ್ಣನ ಕೈ ಮೇಲಿರಬೇಕು, ಎರಡನೆಯದಕ್ಕೆ ತಮ್ಮನದು; ಹಾಗೆ ಹಾಕಿದ ಗಂಟು ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಒಂದು ವರ್ಷ ಅಣ್ಣ, “ಎರಡು ಸಲವೂ ನನ್ನ ಕೈಯೇ ಮೇಲೆ” ಅಂದ. ಮೂಟೆ ಬಿಚ್ಚಿತು. ಆಲೂಗಡ್ಡೆ ಹೊಲಗಳೆಲ್ಲ ಬೆಳ್ಳಗಾದವು.

ಈ ಕಥೆಯನ್ನು ಎವುಸೇಬಿಯಾ ಅಜ್ಜಿ ನನಗೆ ಸಾವಿರ ಸಲ ಹೇಳಿದ್ದಳು. ನಾನು ಆಲಿಕಲ್ಲಿನ ಹೊಳಪು ನೋಡುತ್ತ ಕೂತೆ, ಗಂಟನ್ನು ನೋಡಲೇ ಇಲ್ಲ.

ನನಗೆ ಹನ್ನೆರಡಾದಾಗ, ಆಗಸ್ಟ್ ತಿಂಗಳ ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ ಶಾಲೆಯ ಬಾವುಟ ಹಿಡಿಯುವ ಪಾಳಿ ನನ್ನದಾಯಿತು. ಯಾರ ದಯೆಯೂ ಅಲ್ಲ, ಇಡೀ ಶಾಲೆಗೇ ಹೆಚ್ಚು ಅಂಕ ನನ್ನದು. ಆದರೆ ತಾಲೀಮಿನಲ್ಲಿ ಬೂಟಿನ ಲೇಸು ಮೂರು ಸಲ ಬಿಚ್ಚಿಕೊಂಡಿತು.

ಗ್ರಿಸೆಲ್ಡಾ ಟೀಚರ್ ಸಾಲು ನಿಲ್ಲಿಸಿದರು.

“ಏನಮ್ಮಾ ನಾಯ್ರಾ, ಬಾವುಟ ಹಿಡೀತೀಯೋ, ಲೇಸು ಹಿಡೀತೀಯೋ? ನಿಮ್ಮನೇಲಿ ಯಾರೂ ಲೇಸಿನ ಬೂಟು ಕಂಡವರಲ್ಲ ಬಿಡು. ನಾಳೆ ಮೈದಾನ ಒಂದು ಸುತ್ತು ಹಾಕು, ಒಂದೇ ಒಂದು ಸಲ ಬಿಚ್ಚಿದ್ರೂ ಬಾವುಟ ಅಂಕದಲ್ಲಿ ನಿನ್ನ ಹಿಂದಿರೋ ಫಬ್ರಿಸಿಯೋಗೆ.”

“ಬಿಚ್ಚಲ್ಲ ಟೀಚರ್. ಮಾತು ಕೊಡ್ತೀನಿ.”

ಹುಡುಗರು ಕಿಸಕ್ಕೆಂದರು. ನನ್ನ ಕಿವಿ ಉರಿಯಿತು. ನಮ್ಮನೆಯಲ್ಲಿ ಕಂಡವರಿಲ್ಲ, ನಿಜ. ಅಜ್ಜಿಯದೂ ಅಮ್ಮನದೂ ದಾರವಿಲ್ಲದ ಮೆಟ್ಟು. ಹಾಗಾದರೆ ಈ ಗಂಟು ನನಗೆ ಕಲಿಸಿದ್ದು ಯಾರು? ಒಂದನೇ ತರಗತಿಯಲ್ಲಿ ಎದುರಿಗೆ ಕೂತು, ಬೆರಳಿಗೆ ಅಡಿಕೋಲಿನಲ್ಲಿ ಹೊಡೆದು ಕಲಿಸಿದ್ದು ಇದೇ ಗ್ರಿಸೆಲ್ಡಾ ಟೀಚರ್!

ಮನೆಗೆ ಬಂದವಳೇ ಬೂಟು ಬಿಸಾಕಿದೆ.

“ಬೂಟಿನ ಮೇಲೆ ಯಾಕೇ ಸಿಟ್ಟು?” ಅಂದಳು ಅಜ್ಜಿ. “ಕಟ್ಟು, ನೋಡೋಣ.”

ಕಟ್ಟಿದೆ. ಕುಣಿಕೆಯ ಕಿವಿಗಳು ಒಂದು ಕಾಲ್ಬೆರಳಿನ ಕಡೆ, ಇನ್ನೊಂದು ಕಣಕಾಲಿನ ಕಡೆ ತಿರುಗಿ ನಿಂತವು.

“ಅಯ್ಯೋ ಹುಚ್ಚಿ, ಬಲದಂಡೆಯವನೇ ಎರಡೂ ಸಲ ಮೇಲೆ ಕೂತಿದ್ದಾನಲ್ಲೇ!”

ಅಜ್ಜಿ ಬೆನ್ನಿಗೆ ಹೊದ್ದಿದ್ದ ಅಗ್ವಾಯೊ ಬಟ್ಟೆಯ ಗಂಟನ್ನು ಎದೆಯ ಮೇಲೆ ಬಿಚ್ಚಿದಳು. “ನಿನ್ನಮ್ಮನ್ನ, ನಿನ್ನನ್ನ, ಇದರಲ್ಲೇ ಕಟ್ಟಿಕೊಂಡು ಬೆಟ್ಟ ಇಳಿದಿದ್ದೀನಿ. ಒಬ್ಬರಾದ್ರೂ ಬಿದ್ರಾ? ನೋಡು. ಮೊದಲು ಬಲ ಮೇಲೆ. ಈಗ ಎಡ ಮೇಲೆ.”

ಲೇಸಿಗೂ ಹಾಗೇ ಮಾಡಿದೆ. ಎರಡನೇ ಸಲ ಎಡದ ದಾರವನ್ನು ಮೇಲೆ ಹಾಕಿ ಸುತ್ತಿದ್ದೇ ತಡ, ಕಿವಿಗಳು ಬೂಟಿಗೆ ಅಡ್ಡಲಾಗಿ ತೆಪ್ಪಗೆ ಮಲಗಿದವು. ಖುಷಿಗಿಂತ ಕೋಪವೇ ಹೆಚ್ಚು ಬಂತು. ಆರು ವರ್ಷ! ತಪ್ಪು ಕಲಿಸಿದ್ದು ಅವರು, ಮುಗ್ಗರಿಸಿದ್ದು ನಾನು, ಅನ್ನಿಸಿಕೊಂಡಿದ್ದು ನಮ್ಮನೆಯವರು!

ಮರುದಿನದ ತಾಲೀಮಿನಲ್ಲಿ ಬಾವುಟ ಹಿಡಿದು ಮೈದಾನ ಸುತ್ತಿದೆ. ಟೀಚರ್ ಬಗ್ಗಿ ನನ್ನ ಲೇಸನ್ನು ಎಳೆದು ನೋಡಿದರು.

“ಅಂಟು ಹಚ್ಚಿದ್ದೀಯಾ?”

“ಇಲ್ಲ ಟೀಚರ್. ನಮ್ಮನೆ ಗಂಟು.”

ಅವರು ಬಗ್ಗಿದಾಗ ಅವರ ಬೂಟೂ ನನಗೆ ಕಂಡಿತು. ಅವರ ಕುಣಿಕೆಯ ಕಿವಿಗಳೂ ಒಂದು ಕಾಲ್ಬೆರಳಿನ ಕಡೆ, ಒಂದು ಕಣಕಾಲಿನ ಕಡೆ.

“ಇನ್ನೊಂದು ಸುತ್ತು,” ಅಂದರು.

ಒಂದು ಸುತ್ತು ಅಂತ ತಾನೇ ಮಾತಾಗಿದ್ದು? ಹಲ್ಲು ಕಚ್ಚಿ ನಡೆದೆ. ಮತ್ತೊಂದು ಅಂದರು, ಅದನ್ನೂ ನಡೆದೆ, ಬೇಕೆಂದೇ ಕಾಲು ಅಪ್ಪಳಿಸಿ. ಮೂರೂ ಮುಗಿಸಿ ಅವರೆದುರು ಬಂದು ನಿಂತೆ. ಅವರು ನನ್ನ ಪಾದವನ್ನೇ ನೋಡಿದರು.

“ಫಬ್ರಿಸಿಯೋ, ನೀನು ಸಾಲಿಗೆ ಹೋಗು.”

ನಾನು ಬಾವುಟದ ಕೋಲನ್ನು ಸೊಂಟಪಟ್ಟಿಯ ಚೀಲದಲ್ಲಿ ಗಟ್ಟಿಯಾಗಿ ಊರಿದೆ. ಲೇಸು ಬಿಚ್ಚಿರಲಿಲ್ಲ.