ಅಲುಗಾಡದ ಮುಳ್ಳು

ಒತ್ತಡ ತೋರಿಸುವ ಗೇಜಿನ ಮುಳ್ಳು ಹದಿನಾಲ್ಕರ ಮೇಲೆ ನಿಂತಿತ್ತು. ಪಕ್ಕದಲ್ಲಿ ತೂಗುಹಾಕಿದ್ದ ಹಾಳೆಯಲ್ಲಿ ನಿನ್ನೆ ಬೆಳಿಗ್ಗೆ ಹದಿನಾಲ್ಕು, ಮಧ್ಯಾಹ್ನ ಹದಿನಾಲ್ಕು, ಸಂಜೆ ಹದಿನಾಲ್ಕು ಎಂದು ಬರೆದಿತ್ತು. ನನಗೆ ಮೈ ಉರಿದದ್ದು ಅದಕ್ಕೇ.

ನೀರು ತುಂಬಿದ ಪೈಪು ಸತ್ತ ಹಾಗೆ ಬಿದ್ದಿರುವುದಿಲ್ಲ. ಬಿಸಿಲೇರಿದರೆ ಒಳಗಿನ ಒತ್ತಡ ಒಂದು ಗೆರೆಯಷ್ಟಾದರೂ ಏರುತ್ತದೆ, ತಂಪಾದರೆ ಇಳಿಯುತ್ತದೆ. ಹತ್ತೊಂಬತ್ತು ವರ್ಷ ಪೈಪು ಕೂಡಿಸಿದವನು ನಾನು. ಇಡೀ ದಿನ ಕೂದಲೆಳೆಯಷ್ಟೂ ಅಲುಗಾಡದ ಮುಳ್ಳು ಹಸಿಹಸಿ ಸುಳ್ಳು ಹೇಳುತ್ತಿದೆ ಎಂದೇ ಅರ್ಥ.

ಬಗ್ಗಿ ನೋಡಿದೆ. ಗೇಜಿನ ಕೆಳಗಿನ ಪುಟ್ಟ ವಾಲ್ವಿನ ಹಿಡಿ ಪೈಪಿಗೆ ಅಡ್ಡವಾಗಿತ್ತು, ಅಂದರೆ ಮುಚ್ಚಿತ್ತು. ಬೆರಳುದ್ದದ ಕೊಳವೆಯಲ್ಲಿ ಒತ್ತಡ ಹಿಡಿದಿಟ್ಟು, ಇಡೀ ವಾರ್ಡಿನ ಪೈಪು ಗಟ್ಟಿಯಾಗಿದೆ ಎಂದು ಬರೆದಿದ್ದರು. ಹಿಡಿ ತಿರುಗಿಸಿದೆ. ಮುಳ್ಳು ಒಮ್ಮೆಲೇ ಸೊನ್ನೆಗೆ ಬಿತ್ತು. ಪೈಪಿನಲ್ಲಿ ತೊಟ್ಟು ನೀರಿರಲಿಲ್ಲ.

ಅದು ಹೊಸ ಸರ್ಕಾರಿ ಆಸ್ಪತ್ರೆಯ ಮೂರನೇ ಮಹಡಿ, ಮಕ್ಕಳ ವಾರ್ಡು. ಬೆಂಕಿ ಬಿದ್ದರೆ ತಾವಾಗಿಯೇ ನೀರು ಚಿಮ್ಮಬೇಕಾದ ಕೆಂಪು ಪೈಪುಗಳು ಅವು. ಅರ್ಧ ವಾರ್ಡಿಗೆ ಆಗಲೇ ಸೀಲಿಂಗಿನ ಬಿಳಿ ಹಲಗೆ ಹೊದಿಸಿದ್ದರು. ಹಲಗೆಯಿಂದ ಸಾಲಾಗಿ ಇಣುಕುತ್ತಿದ್ದ ನೀರಿನ ಮೂತಿಗಳು ಬಲು ಚೆಂದ ಕಾಣುತ್ತಿದ್ದವು. ನಾಳೆ ಉದ್ಘಾಟನೆ.

ಹಲಗೆ ಹೊದಿಸದ ಕಡೆ ಏಣಿ ಹತ್ತಿದೆ. ಪೈಪಿನ ಮೇಲೆ ನನ್ನ ಗುರುತು ಇತ್ತು.

ನಮ್ಮ ತಂಡದಲ್ಲಿ ಒಂದು ಪದ್ಧತಿ. ನೀರು ತುಂಬಿ ಒತ್ತಡದ ಪರೀಕ್ಷೆ ಮುಗಿಯುವವರೆಗೆ ಪೈಪಿನ ಹತ್ತಿರ ಕೂತವನೇ ಅದರ ಮೇಲೆ ತನ್ನ ಗುರುತು ಬರೆಯಬೇಕು. ನನ್ನದು ಬಿಳಿ ಬಣ್ಣದ ಸೊನ್ನೆ, ಅದರೊಳಗೊಂದು ಅಡ್ಡಗೆರೆ, ಪಕ್ಕದಲ್ಲಿ ತಾರೀಕು. ಅದು ಕಂಡರೆ ಸೀಲಿಂಗಿನವರು ಮರುಮಾತಿಲ್ಲದೆ ಹಲಗೆ ಏರಿಸುತ್ತಾರೆ. ನಿನ್ನೆ, ಮೊನ್ನೆ ಎರಡೂ ದಿನ ನನ್ನನ್ನು ನೆಲಮಾಳಿಗೆಗೆ ಕಳಿಸಿದ್ದರು. ಇಲ್ಲಿ ಯಾರೋ ನನ್ನ ಕೈಯನ್ನೇ ಕದ್ದಿದ್ದರು.

ಯಾರೋ ಏನು, ನನ್ನ ಭಾವ. ಅಕ್ಕನ ಗಂಡ, ನಮ್ಮ ಮೇಸ್ತ್ರಿ, ನನಗೆ ಪಾನಾ ಹಿಡಿದು ಪೈಪು ಬಿಗಿಯಲು ಕಲಿಸಿದವರು. ಗೇಜಿನ ಈ ಕಣ್ಕಟ್ಟನ್ನು ತೋರಿಸಿಕೊಟ್ಟವರೂ ಅವರೇ. ಏಳು ವರ್ಷದ ಹಿಂದೆ ಒಂದು ಕಚೇರಿ ಕಟ್ಟಡದಲ್ಲಿ ಇಬ್ಬರೂ ಸೇರಿ ಅದನ್ನೇ ಮಾಡಿ, ಆಮೇಲೆ ಟೀ ಕುಡಿಯುತ್ತಾ ಹೊಟ್ಟೆ ಹಿಡಿದು ನಕ್ಕಿದ್ದೆವು.

ಭಾವ ಸಾಮಾನಿನ ಕೋಣೆಯಲ್ಲಿ ನಾಳೆಗೆಂದು ತಂದ ಹೊಸ ಹೆಲ್ಮೆಟ್ಟುಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳುತ್ತಿದ್ದರು.

"ಬಾರಯ್ಯ, ಬಾಮೈದಾ. ಮುಖ ಯಾಕೆ ಹಂಗೆ ಊದ್ಕೊಂಡಿದೆ?"

"ವಾಲ್ವು ಮುಚ್ಚಿದ್ದು ಯಾರು ಭಾವಾ?"

ಅವರು ಹಾಳೆ ಕೀಳುವುದನ್ನು ನಿಲ್ಲಿಸಲಿಲ್ಲ. "ಮೆಲ್ಲಗೆ ಮಾತಾಡು. ಕೂಡಿಸೋ ಕಡೆ ಹಾಕೋ ರಬ್ಬರ್ ರಿಂಗ್ ಬಂದಿಲ್ಲ. ರಿಂಗ್ ಇಲ್ದೇನೇ ಬಿಗಿದಿದೀವಿ. ನಾಳೆ ಕಳೀಲಿ, ಆಮೇಲೆ ಬಿಚ್ಚಿ ಹಾಕೋಣ."

"ಆಮೇಲೆ ಸೀಲಿಂಗ್ ಬಿಚ್ಚಕ್ಕೆ ಯಾರು ಬಿಡ್ತಾರೆ? ಹೋದ ಕಟ್ಟಡದಲ್ಲೂ ಆಮೇಲೆ ಅಂದ್ರಿ. ಆ ಆಮೇಲೆ ಇನ್ನೂ ಬಸ್ಸಲ್ಲೇ ಇದೆ, ಇಳಿದಿಲ್ಲ."

"ಎಲ್ಲ ನೀನೊಬ್ಬನೇ ತಿಳ್ಕೊಂಡಿರೋ ಹಂಗೆ ಆಡಬೇಡ. ದಿನಾ ಬೆಂಕಿ ಬೀಳತ್ತೇನೋ?"

"ಗುರುತು ಯಾಕೆ ನಂದು ಹಾಕಿದ್ರಿ? ನಿಮ್ದು ಹಾಕ್ಬೇಕಿತ್ತು."

ಅವರು ಇನ್ನೊಂದು ಹೆಲ್ಮೆಟ್ಟು ಎತ್ತಿಕೊಂಡರು. ಉತ್ತರ ನನಗೂ ಗೊತ್ತಿತ್ತು. ಭಾವನ ಗುರುತನ್ನು ಈಗ ಸೀಲಿಂಗಿನವರೇ ನಂಬುವುದಿಲ್ಲ.

ಬಾಗಿಲಲ್ಲಿ ಎಂಜಿನಿಯರ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮಣ್ಣು ಕಾಣದ ಬೂಟು. "ಏನ್ರೀ ಪಂಚಾಯ್ತಿ? ನಾಳೆ ಬರೋರು ನೆಲ ನೋಡ್ತಾರೆ, ದೀಪ ನೋಡ್ತಾರೆ, ಲಿಫ್ಟಲ್ಲಿ ಮೇಲೆ ಹೋಗಿ ಕೆಳಗೆ ಬರ್ತಾರೆ. ಸೀಲಿಂಗ್ ಒಳಗೆ ತಲೆ ಹಾಕೋರು ಯಾರೂ ಇಲ್ಲ. ಹೋಗಿ, ಕೆಲಸ ನೋಡಿ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೈ ತಾಗುವ ಕಡೆಯೆಲ್ಲ ಹೊಳಪು ಹಾಕಿದ್ದರು, ಜೀವ ಉಳಿಸುವ ಕಡೆ ಖಾಲಿ ಕೊಳವೆ ಇಟ್ಟಿದ್ದರು. ಬಡವರ ಮಕ್ಕಳು ಮಲಗುವ ಜಾಗಕ್ಕೆ ಇಷ್ಟು ಸಾಕು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ.

ಹಲ್ಲು ಕಚ್ಚಿಕೊಂಡು ವಾರ್ಡಿಗೆ ಮರಳಿದೆ. ಅಲ್ಲಿ ಅಕ್ಕ ಇದ್ದಳು. ಹಳೇ ಆಸ್ಪತ್ರೆಯ ಆಯಾ ಅವಳು. ನಾಳೆಯಿಂದ ಈ ವಾರ್ಡು ಅವಳದೇ. ಉಳಿದ ಆಯಾಗಳ ಜೊತೆ ಪುಟ್ಟ ಮಂಚಗಳಿಗೆ ಹಾಸಿಗೆ ಹಾಕುತ್ತಿದ್ದಳು. ಎರಡು ವರ್ಷದ ಹಿಂದೆ ಹಳೇ ವಾರ್ಡಿನಲ್ಲಿ ವೈರು ಸುಟ್ಟು ಬೆಂಕಿ ಹತ್ತಿದಾಗ, ಅವಳು ನಾಲ್ಕು ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲಿಳಿದಿದ್ದಳು. ಐದನೆಯ ಮಗುವಿಗಾಗಿ ಮತ್ತೆ ಹತ್ತಿದಾಗ ಹೊಗೆ ಒಳಗೆ ಬಿಡಲಿಲ್ಲ. ಆ ಮಗುವಿನ ವಿಷಯ ಅವಳು ಇವತ್ತಿಗೂ ಮಾತಾಡುವುದಿಲ್ಲ.

"ಇವು ನಿಜವಾಗ್ಲೂ ನೀರು ಹಾಕ್ತವೇನೋ?" ಮೇಲಿನ ಮೂತಿಗಳನ್ನು ತೋರಿಸಿ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಕಣ್ಣು ಹಲಗೆ ಇಲ್ಲದ ಕಡೆ ಪೈಪಿನ ಮೇಲೆ ಬಿತ್ತು. "ಓ, ನಿನ್ನ ಗುರುತಿದೆಯಲ್ಲ! ಹಂಗಾದ್ರೆ ಕೇಳೋದೇ ಬೇಡ ಬಿಡು," ಎಂದು ದಿಂಬು ತಟ್ಟಿ ಇಟ್ಟಳು.

ನಾನು ಸೀದಾ ಕೆಳಗಿಳಿದೆ. ಮೂರು ಮಹಡಿ, ಆಮೇಲೆ ನೆಲಮಾಳಿಗೆ. ಪಂಪಿನ ಕೋಣೆಯ ಬೀಗದ ಕೈ ಎರಡು ದಿನದಿಂದ ನನ್ನ ಜೇಬಿನಲ್ಲೇ ಇತ್ತು. ಮೂರನೇ ಮಹಡಿಯ ದೊಡ್ಡ ವಾಲ್ವಿನ ಚಕ್ರ ತಿರುಗಿಸಿ ಪೂರ್ತಿ ತೆರೆದು ಪಂಪಿನ ಗುಂಡಿ ಒತ್ತಿದೆ. ಪಂಪು ಗುಡುಗಿತು. ಪೈಪಿನೊಳಗಿನ ಗಾಳಿ ಮೇಲಕ್ಕೆ ನುಗ್ಗುವ ಸದ್ದು ಗೋಡೆಯಲ್ಲಿ ಕೇಳಿಸಿತು.

ನಾನು ಮತ್ತೆ ಮೇಲೆ ಹತ್ತುವಷ್ಟರಲ್ಲಿ ಏಳನೇ ಮಂಚದ ಮೇಲಿನ ಹಲಗೆ ಊದಿಕೊಂಡಿತ್ತು. ಅದು ಒಡೆದು ಬಿತ್ತು. ಪಕ್ಕದ್ದೂ ಬಿತ್ತು. ತುಕ್ಕು ಬೆರೆತ ಕೆಂಪು ನೀರು ಹೊಸ ಹಾಸಿಗೆಗಳ ಮೇಲೆ ಧೋ ಎಂದು ಸುರಿಯಿತು. ಆಯಾಗಳು ಗೋಡೆಗೆ ಒತ್ತಿ ನಿಂತಿದ್ದರು.

"ಪಂಪ್ ಹಾಕಿದ್ಯಾರು? ಯಾರು?" ಎಂಜಿನಿಯರ್ ಓಡಿಬಂದ. ಹಿಂದೆಯೇ ಭಾವ.

"ನಾನೇ. ನೀವು ಬರೆದಿರೋ ಹದಿನಾಲ್ಕು ಎಲ್ಲಿದೆ ಅಂತ ಹುಡುಕಿದೆ. ನೋಡಿ, ಏಳನೇ ಮಂಚದ ಮೇಲಿದೆ."

"ನಿನ್ನ ಕೆಲಸ ಮುಗೀತು ಇವತ್ತಿಗೆ! ಗೇಟಿಂದ ಆಚೆ ಹೋಗು! ಇವನ್ನ ನೀನೇ ತಾನೆ ತಂದಿದ್ದು ಮೇಸ್ತ್ರಿ?"

ಅಕ್ಕ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಭಾವನ ಮುಂದೆ ಬಂದು ನಿಂತಳು.

"ಏನ್ರೀ, ನಿಮಗೆ ಗೊತ್ತಿತ್ತಾ ಇದು?"

"ನಾಳೆ ಒಂದು ದಿನ ಕಳೀಲಿ ಅಂತ..."

"ನಾನಿಲ್ಲಿ ಇರ್ತೀನಿ ಅಂತ ಗೊತ್ತಿತ್ತಲ್ಲ? ಮಕ್ಕಳಿರ್ತವೆ ಅಂತ ಗೊತ್ತಿತ್ತಲ್ಲ?"

ಎಂಜಿನಿಯರ್ ನಡುವೆ ಬಾಯಿ ಹಾಕಿದ. "ಏಯ್ ಆಯಾ, ನಿಮ್ಮನೆ ಜಗಳ ಮನೇಲಿಟ್ಕೋ. ಪಂಪ್ ನಿಲ್ಲಿಸ್ತಾರೆ, ಮೊದಲು ನೆಲ ಒರೆಸು. ಬೇಗ!"

ಗೋಡೆಗೆ ಒರಗಿಸಿಟ್ಟಿದ್ದ ನೆಲ ಒರೆಸುವ ಕೋಲನ್ನು ಅಕ್ಕ ಕೈಗೆ ತೆಗೆದುಕೊಂಡಳು. ಸೀದಾ ಹೋಗಿ ಬಾಗಿಲಿಗೆ ಅಡ್ಡ ಇಟ್ಟಳು.

"ಒರೆಸಲ್ಲ. ನಾಳೆ ಬರೋ ದೊಡ್ಡೋರ ಕಾಲು ನೆನೀಲಿ. ಪೈಪು ಸರಿಯಾಗೋ ತನಕ ಒಂದು ಮಗೂನೂ ಈ ವಾರ್ಡಿಗೆ ತರಲ್ಲ. ನೀನೇನ್ ಮಾಡ್ತೀಯೋ ಮಾಡ್ಕೋ." ಉಳಿದ ಮೂವರು ಆಯಾಗಳೂ ಬಂದು ಅವಳ ಪಕ್ಕ ನಿಂತರು. ಒಬ್ಬಳು, "ನಮ್ಮನ್ನೆಲ್ಲ ತೆಗೆದುಹಾಕಿ ನೀನೇ ಹಾಸಿಗೆ ಹಾಸ್ಕೊಂಡು ಮಲಕ್ಕೋ ಸಾಮಿ," ಎಂದಳು.

ಎಂಜಿನಿಯರ್ ಜೊತೆ ಓಡಿಬಂದಿದ್ದ ಕಾವಲಿನವನು ನನ್ನ ತೋಳು ಹಿಡಿದ. "ಎರಡು ನಿಮಿಷ ಬಿಡಪ್ಪಾ," ಎಂದು ಬಿಡಿಸಿಕೊಂಡೆ. ಬಣ್ಣ ಕರಗಿಸುವ ತಿನ್ನರಿನ ಡಬ್ಬಿಯಲ್ಲಿ ಬಟ್ಟೆ ಅದ್ದಿ ಏಣಿ ಹತ್ತಿದೆ. ಸೊನ್ನೆ, ಅಡ್ಡಗೆರೆ, ತಾರೀಕು ಎಲ್ಲವನ್ನೂ ಪೈಪಿನ ಕೆಂಪು ಬಣ್ಣ ಬಟ್ಟೆಗೆ ಹತ್ತುವ ತನಕ ಉಜ್ಜಿದೆ.

ಕೆಳಗೆ ಭಾವ ಏಣಿಯ ಬುಡ ಹಿಡಿದು ನಿಂತಿದ್ದರು. ನಾನು ಕೇಳಿರಲಿಲ್ಲ. ಇಳಿಯುವಾಗ ಅವರ ಮುಖ ನೋಡಲಿಲ್ಲ. ನನ್ನ ಪಾನಾ ಮಾತ್ರ ಅವರ ಕಾಲ ಬಳಿ ನೀರಿಗೆ ಎಸೆದು, ನನಗೆ ದಾರಿ ಬಿಡಲು ಅಕ್ಕ ಎತ್ತಿ ಹಿಡಿದ ಕೋಲಿನ ಕೆಳಗೆ ತಲೆ ಬಗ್ಗಿಸಿ ಹೊರಗೆ ಬಂದೆ.