ಕಿಟಕಿಯಲ್ಲಿಟ್ಟ ಡಬ್ಬಿ

“ದರಿದ್ರ ಮುಂಡೇದೇ, ಹೊಸ್ತಿಲು ದಾಟಬೇಡ ಅಂತ ಎಷ್ಟು ಸಲ ಬೊಗಳಬೇಕು ನಿಂಗೆ? ಕಿಟಕೀಲಿಟ್ಟು ತೊಲಗು.”

ಲ್ಯಾಬಿನವನು ಇಷ್ಟು ಹೇಳಿ ಮತ್ತೆ ಫೋನಿಗೆ ಕಿವಿಗೊಟ್ಟ. ಆಯಾ ಸೆರಗಿನೊಳಗಿಂದ ಡಬ್ಬಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಕ್ಕಳಾಗದವರ ಆ ಆಸ್ಪತ್ರೆಯಲ್ಲಿ ಗಂಡಸರು ಕೆಳಗಿನ ಕೋಣೆಯಲ್ಲಿ ವೀರ್ಯ ಕೊಡುತ್ತಿದ್ದರು. ಅದನ್ನು ಮೂರು ಮಹಡಿ ಹತ್ತಿಸಿ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಮೈಯ ಬಿಸಿ ಆರಬಾರದೆಂದು ಹೊಟ್ಟೆಗೆ ಒತ್ತಿಕೊಂಡೇ ತರಬೇಕಿತ್ತು. ಅದಕ್ಕೇ ಎಲ್ಲರೂ ಅವಳನ್ನು ಕಾವಮ್ಮ ಎಂದು ಆಡಿಕೊಳ್ಳುತ್ತಿದ್ದರು. ಅವಳ ಹೊಟ್ಟೆಯ ಬಿಸಿ ಬೇಕು, ಅವಳ ಕಾಲು ಮಾತ್ರ ಒಳಗೆ ಬೇಡ.

ಇವತ್ತಿನ ಡಬ್ಬಿಯವನಿಗೆ ಕ್ಯಾನ್ಸರ್. ನಾಳೆ ಬೆಳಿಗ್ಗೆ ಔಷಧಿ ಶುರುವಾದರೆ ಮುಂದೆ ಮಕ್ಕಳ ಆಸೆ ಬಿಡಬೇಕು, ಅದಕ್ಕೇ ಇವತ್ತೇ ಕೊಟ್ಟು ಕಾಪಿಡಿಸುತ್ತಿದ್ದೇವೆ ಎಂದು ಅವನ ಹೆಂಡತಿಯೇ ಮೆಟ್ಟಿಲ ಬಳಿ ಹೇಳಿದ್ದಳು. “ಹುಷಾರಮ್ಮ, ನಮ್ಮದು ಅಂತ ಇರೋದು ಇಷ್ಟೇ,” ಎಂದು ಕೈ ಹಿಡಿದಿದ್ದಳು.

ಕಟ್ಟೆಯ ನೇರಕ್ಕೆ ಎಸಿಯ ಗಾಳಿ ಹೊಡೆಯುತ್ತಿತ್ತು. ಕಾವಮ್ಮ ಗಾಜು ತಟ್ಟಿ ಸನ್ನೆ ಮಾಡಿದಳು. ಲ್ಯಾಬಿನವನು ನೊಣ ಓಡಿಸುವಂತೆ ಕೈಬೀಸಿದ. ಅಷ್ಟರಲ್ಲಿ ನೆಲ ಒರೆಸಲು ಕರೆ ಬಂತು, ಹೋದಳು. ಎರಡು ಗಂಟೆ ಬಿಟ್ಟು ಬಂದರೆ ಡಬ್ಬಿ ಅಲ್ಲೇ ಕೂತಿತ್ತು, ಮುಟ್ಟಿದರೆ ಕೊರೆಯುವಷ್ಟು ತಣ್ಣಗೆ.

ದೊಡ್ಡ ಡಾಕ್ಟರಮ್ಮ ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಒಂದೂ ಅಲ್ಲಾಡುತ್ತಿಲ್ಲ ಎಂದಳು. ರೇಗಲಿಲ್ಲ, ಕಾವಮ್ಮನಿಗೆ ಭಯವಾಗಿದ್ದು ಅದಕ್ಕೇ. ಕೆಳಗೆ ಇನ್ಯಾರದೋ ಬಂದಿದೆ, ಅದನ್ನು ತಾ, ಇವರ ಹೆಸರು ಅಂಟಿಸಿ, ಕೆಡದ ಹಾಗೆ ಮದ್ದು ಬೆರೆಸಿ ಫ್ರೀಜರಿನಲ್ಲಿಡೋಣ ಎಂದಳು, ತರಕಾರಿ ಬದಲಾಯಿಸಿಕೊಂಡು ಬಾ ಎನ್ನುವಷ್ಟು ಸಲೀಸಾಗಿ.

“ಹೇಳಿದ್ರೆ ಅವರು ಇವತ್ತೇ ಇನ್ನೊಂದ್ಸಲ ಕೊಡ್ತಾರಲ್ಲಮ್ಮಾ?”

“ಆಸ್ಪತ್ರೆ ಮಾನ ಹೋಗಲ್ವಾ? ಮಗು ಕೈಗೆ ಬಂದ್ಮೇಲೆ ಯಾರೂ ಕೇಳಲ್ಲ. ಇಲ್ಲೀವರೆಗೂ ಯಾರು ಕೇಳಿದಾರೆ?” ಡಾಕ್ಟರಮ್ಮ ಅವಳ ಭುಜ ತಟ್ಟಿದಳು. ಆರು ವರ್ಷದಲ್ಲಿ ಅದೇ ಮೊದಲ ಸಲ ಮುಟ್ಟಿದ್ದು. “ಬಾಯಿಬಿಟ್ರೆ ನೀನೇ ಬೀಳಿಸಿದೆ ಅಂತೀನಿ.”

ಕಾವಮ್ಮ ಕೆಳಗಿಳಿದು ಆ ಬೇರೆಯವನ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡಳು. ಮೆಟ್ಟಿಲ ತನಕ ಬಂದು ಒಂದು ಮೆಟ್ಟಿಲು ಹತ್ತಿದಳು. ತಿರುಗಿ, ಕಾಯುವವರ ಹಾಲಿಗೆ ನುಗ್ಗಿದಳು.

ಗಂಡಹೆಂಡತಿ ಒತ್ತಿಕೊಂಡು ಕೂತಿದ್ದರು. “ನಿಮ್ಮದು ಸತ್ತೋಯ್ತು,” ಎಂದಳು. “ಕಿಟಕೀಲೇ ಮರೆತ್ರು ಬೋಳಿಮಕ್ಕಳು. ಇದು ಯಾರದೋ, ಇದಕ್ಕೆ ನಿಮ್ಮ ಹೆಸರು ಅಂಟಿಸ್ತಾರಂತೆ. ಇನ್ನೂ ಹೊತ್ತಿದೆ, ಬೇರೆ ಆಸ್ಪತ್ರೆಗೆ ಹೋಗಿ ಕೊಡಿ. ಏಳಿ, ಎದ್ದೇಳಿ.”

ಅವರು ಎದ್ದರು. ಹೆಂಡತಿ ಗಂಡನನ್ನು ಎಳೆದುಕೊಂಡೇ ಬಾಗಿಲು ದಾಟಿದಳು. ಡಾಕ್ಟರಮ್ಮ ಮೆಟ್ಟಿಲ ಮೇಲಿಂದ ಕಾವಲಿನವನನ್ನು ಕೂಗುತ್ತಿದ್ದಳು.

ಗೋಡೆಗೆ ಒರಗಿದ್ದ ತುಂಬುಬಸುರಿಯೊಬ್ಬಳು ಹೊಟ್ಟೆ ಹಿಡಿದು ಮೆಲ್ಲಗೆ ಎದ್ದು ಬಂದಳು.

“ನಮ್ಮದನ್ನ ತಂದಿದ್ದೂ ನೀವೇನಾ?”

ಕಾವಮ್ಮ ಅವಳ ಮುಖ ನೋಡಿದಳು.

“ತಂದಿದ್ದು ನಾನೇ, ಮಗಳೇ. ಬೆಚ್ಚಗೇ ತಂದೆ. ಕಿಟಕೀಲಿಟ್ಟೆ.”